ಸ್ಟೀರಿಂಗ್ ಗಟ್ಟಿಯಾದರೆ ರಸ್ತೆ ಹೆಚ್ಚು ತಿಳಿಯುತ್ತದೆಯೇ?

ದುಬಾರಿ ಸ್ಪೋರ್ಟ್ಸ್ ಸೆಡಾನ್ ಕಾರುಗಳಲ್ಲಿ ಸಾಮಾನ್ಯವಾಗಿ 'ಸ್ಪೋರ್ಟ್' ಎಂದು ಬರೆದ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಹಗುರವಾಗಿ ತಿರುಗುತ್ತಿದ್ದ ಸ್ಟೀರಿಂಗ್ ಸ್ವಲ್ಪ ಗಟ್ಟಿಯಾಗುತ್ತದೆ. ಓಡಿಸುವವರಿಗೆ ಖುಷಿ: "ಈಗ ನೋಡಿ, ಕಾರು ಕೈಗೆ ಸಿಕ್ಕಿತು!" ಗಟ್ಟಿ ಸ್ಟೀರಿಂಗ್ ಎಂದರೆ ಒಳ್ಳೆಯ ಸ್ಟೀರಿಂಗ್, ಹಗುರ ಸ್ಟೀರಿಂಗ್ ಎಂದರೆ ಆಟಿಕೆಯ ಸ್ಟೀರಿಂಗ್ ಎಂಬ ನಂಬಿಕೆ ಕಾರುಪ್ರಿಯರಲ್ಲಿ ಗಟ್ಟಿಯಾಗಿ ಬೇರೂರಿದೆ.

ಇದು ಅರ್ಧ ಸತ್ಯ. ಉಳಿದ ಅರ್ಧ ತಪ್ಪು ಕಲ್ಪನೆ. ಈ ಕಲ್ಪನೆಯನ್ನು ನಂಬಿ ಜನ ದುಡ್ಡು ಕಳೆದುಕೊಳ್ಳುವುದಷ್ಟೇ ಅಲ್ಲ, ಕೆಲವೊಮ್ಮೆ ಚೆನ್ನಾಗಿದ್ದ ಕಾರನ್ನು ಅಪಾಯಕಾರಿಯಾಗಿಯೂ ಮಾಡಿಕೊಳ್ಳುತ್ತಾರೆ. ಹಾಗಾಗಿ 'ಸ್ಟೀರಿಂಗ್ ಫೀಲ್' ಎಂದರೆ ನಿಜವಾಗಿ ಏನು, ಅದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಕಳೆದುಹೋಗುತ್ತದೆ, ಅದನ್ನು ಸುಧಾರಿಸುವುದು ಹೇಗೆ ಎಂದು ನೋಡೋಣ. ಉದಾಹರಣೆಗೆ ನಾವು ಒಂದೇ ಕಾರನ್ನು ಆರಿಸಿಕೊಂಡಿದ್ದೇವೆ. ಅದು 1998ರಿಂದ 2003ರವರೆಗೆ ಜರ್ಮನಿಯಲ್ಲಿ ತಯಾರಾದ, 'ಇ39' ಎಂಬ ಸಂಕೇತದ ಬಿಎಂಡಬ್ಲ್ಯು ಎಂ5.

ಗಾಳಿಪಟದ ದಾರ

ಗಾಳಿಪಟ ಹಾರಿಸಿದ್ದೀರಾ? ಪಟ ನೂರಾರು ಅಡಿ ಮೇಲಿದ್ದರೂ ಅಲ್ಲಿ ಗಾಳಿ ಹೇಗಿದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಗಾಳಿ ಬೀಸಿದರೆ ದಾರ ಬಿಗಿಯಾಗುತ್ತದೆ. ಗಾಳಿ ಬಿದ್ದರೆ ದಾರ ಸಡಿಲವಾಗುತ್ತದೆ, ಪಟ ಕೆಳಗಿಳಿಯುವುದನ್ನು ಕಣ್ಣು ನೋಡುವ ಮೊದಲೇ ಕೈಗೆ ಸುದ್ದಿ ಬಂದಿರುತ್ತದೆ. ಈಗ ಅದೇ ಪಟಕ್ಕೆ ದಪ್ಪ ಹಗ್ಗ ಕಟ್ಟಿ ಎಂದುಕೊಳ್ಳಿ. ಕೈಗೆ ಭಾರ ಹೆಚ್ಚು, ಸುದ್ದಿ ಕಡಿಮೆ.

ಸ್ಟೀರಿಂಗ್ ವಿಷಯವೂ ಹೀಗೆಯೇ. ಚಕ್ರ ತಿರುಗಿಸಲು ಎಷ್ಟು ಬಲ ಬೇಕು ಎಂಬುದು 'ಭಾರ'. ಮುಂದಿನ ಟೈರುಗಳು ರಸ್ತೆಯನ್ನು ಹೇಗೆ ಹಿಡಿದಿವೆ ಎಂಬುದು ಕೈಗೆ ತಿಳಿಯುವುದು 'ಫೀಲ್', ಅಂದರೆ ಸ್ಪರ್ಶದ ಅರಿವು. ಎರಡೂ ಒಂದೇ ಚಕ್ರದ ಮೂಲಕ ಬರುವುದರಿಂದ ನಾವು ಅವನ್ನು ಒಂದೇ ಎಂದು ಭಾವಿಸುತ್ತೇವೆ. ಸಂವಹನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಸ್ಟೀರಿಂಗ್ ಒಂದು ವಾಹಿನಿ. ಟೈರು ಕಳಿಸುವುದು ಸಂಕೇತ. ದಾರಿಯಲ್ಲಿ ಸೇರಿಕೊಳ್ಳುವ ಘರ್ಷಣೆ, ಸಡಿಲತೆ, ನಡುಕ ಎಲ್ಲವೂ ಗದ್ದಲ. ರೇಡಿಯೋದ ಶಬ್ದ ಹೆಚ್ಚಿಸಿದರೆ ಹಾಡೂ ಜೋರಾಗುತ್ತದೆ, ಕರಕರ ಸದ್ದೂ ಜೋರಾಗುತ್ತದೆ. ಸ್ಪೋರ್ಟ್ ಗುಂಡಿ ಮಾಡುವುದು ಬಹುಮಟ್ಟಿಗೆ ಇದನ್ನೇ.

ಟೈರು ಕಳಿಸುವ ಸುದ್ದಿ ಯಾವುದು?

ಪ್ರತಿ ಟೈರು ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಸುಮಾರು 1,800 ಕಿಲೋ ತೂಕದ ಎಂ5 ನಿಂತಿರುವುದು ಇಂಥ ನಾಲ್ಕು ಅಂಗೈಗಳ ಮೇಲೆ.

ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಟೈರು ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಸಣ್ಣ ವ್ಯತ್ಯಾಸ ಇರುತ್ತದೆ. ಇದಕ್ಕೆ ಜಾರುಕೋನ ಎನ್ನುತ್ತಾರೆ. ರಬ್ಬರ್ ರಸ್ತೆಯನ್ನು ಮುಟ್ಟುವ ಮುಂಭಾಗದಲ್ಲಿ ಹೆಚ್ಚು ಬಾಗಿರುವುದಿಲ್ಲ, ಹಿಂಭಾಗಕ್ಕೆ ಬರುವಷ್ಟರಲ್ಲಿ ಚೆನ್ನಾಗಿ ಬಾಗಿರುತ್ತದೆ. ಆದ್ದರಿಂದ ಕಾರನ್ನು ತಿರುಗಿಸುವ ಪಕ್ಕದ ಬಲ ಟೈರಿನ ನಟ್ಟನಡುವೆ ಅಲ್ಲ, ಕೆಲವು ಸೆಂಟಿಮೀಟರ್ ಹಿಂದೆ ಕೇಂದ್ರೀಕೃತವಾಗಿರುತ್ತದೆ. ಈ ಅಂತರವೇ ಟೈರನ್ನು ಮತ್ತೆ ನೇರಕ್ಕೆ ತಿರುಗಿಸಲು ನೋಡುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ನಿಮ್ಮ ಕೈಯನ್ನು ಎಳೆಯುವುದು ಇದಕ್ಕೇ.

ಇದರ ಜೊತೆ ಇನ್ನೊಂದು ಬಲವೂ ಇದೆ. ಕಚೇರಿ ಕುರ್ಚಿಯ ಗಾಲಿಗಳನ್ನು ಗಮನಿಸಿ: ಕುರ್ಚಿ ತಳ್ಳಿದ ಕೂಡಲೇ ಅವು ತಾವಾಗಿಯೇ ಸರಿಯಾದ ದಿಕ್ಕಿಗೆ ತಿರುಗುತ್ತವೆ. ಗಾಲಿ ತಿರುಗುವ ಅಕ್ಷ ಮುಂದಿರುತ್ತದೆ, ಗಾಲಿ ನೆಲ ಮುಟ್ಟುವ ಜಾಗ ಹಿಂದಿರುತ್ತದೆ. ಕಾರಿನಲ್ಲಿ ತಿರುಗುವ ಅಕ್ಷವನ್ನು ಸ್ವಲ್ಪ ಓರೆಯಾಗಿಟ್ಟು ಇದೇ ಗುಣವನ್ನು ತರುತ್ತಾರೆ. ಈ ಓರೆಗೆ ಕ್ಯಾಸ್ಟರ್ ಎಂದು ಹೆಸರು.

ಈಗ ಮುಖ್ಯ ಸಂಗತಿಗೆ ಬರೋಣ. ಜಾರುಕೋನ ಹೆಚ್ಚಿದಂತೆ ಟೈರಿನ ಹಿಂಭಾಗದ ರಬ್ಬರ್ ಮೊದಲು ಜಾರಲು ಶುರುಮಾಡುತ್ತದೆ. ಆಗ ಪಕ್ಕದ ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಟೈರಿನ ಒಟ್ಟು ಹಿಡಿತ ಇನ್ನೂ ಏರುತ್ತಲೇ ಇರುತ್ತದೆ, ಆದರೆ ಕೈಯನ್ನು ಎಳೆಯುವ ಬಲ ಆಗಲೇ ಇಳಿಯತೊಡಗುತ್ತದೆ. ಅಂದರೆ ಹಿಡಿತ ಗರಿಷ್ಠ ಮುಟ್ಟುವ ಮೊದಲೇ ಸ್ಟೀರಿಂಗ್ ಸ್ವಲ್ಪ ಹಗುರವಾಗುತ್ತದೆ.

ಇದು ಒಂದು ಎಚ್ಚರಿಕೆ. "ಇನ್ನು ಸ್ವಲ್ಪವೇ ಬಾಕಿ, ಜಾರುತ್ತೇನೆ" ಎಂದು ಟೈರು ಹೇಳುವ ಮಾತು. ಮಳೆಯಲ್ಲಿ ನೀರಿನ ಪದರದ ಮೇಲೆ ಟೈರು ತೇಲಲು ಶುರುವಾದಾಗಲೂ ಹೀಗೆಯೇ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಖಾಲಿ ಎನಿಸುತ್ತದೆ. ಹಾಗಾಗಿ ಸ್ಟೀರಿಂಗ್ ಫೀಲ್ ಬರೀ ಶೋಕಿಯ ವಿಷಯ ಅಲ್ಲ. ವೇಗ ತಗ್ಗಿಸಲು ಸಿಗುವ ಒಂದೆರಡು ಕ್ಷಣದ ಮುನ್ಸೂಚನೆ ಅದು. ಯಾವಾಗಲೂ ಗಟ್ಟಿಯಾಗಿಯೇ ಇರುವ ಸ್ಟೀರಿಂಗ್ ಈ ಹಗುರವಾಗುವಿಕೆಯನ್ನು ಮುಚ್ಚಿಹಾಕಿದರೆ, ಗಟ್ಟಿತನ ನಮಗೆ ಕೊಟ್ಟದ್ದು ಸುಳ್ಳು ಧೈರ್ಯ.

ಭಾರ ಇದೆ, ಸುದ್ದಿ ಇಲ್ಲ: ಸಿಟ್ರೊಯೆನ್ ಪಾಠ

ಭಾರ ಮತ್ತು ಫೀಲ್ ಬೇರೆ ಬೇರೆ ಎಂಬುದಕ್ಕೆ ಹಳೆಯ, ಸೊಗಸಾದ ಸಾಕ್ಷಿ ಫ್ರಾನ್ಸಿನಲ್ಲಿದೆ. 1970ರಲ್ಲಿ ಬಂದ ಸಿಟ್ರೊಯೆನ್ ಎಸ್‌ಎಂ ಕಾರಿನಲ್ಲಿ 'ದಿರಾವಿ' ಎಂಬ ಸ್ಟೀರಿಂಗ್ ವ್ಯವಸ್ಥೆ ಇತ್ತು. ಮುಂದೆ ಅದು ಸಿಎಕ್ಸ್ ಸೆಡಾನ್‌ನಲ್ಲೂ ಬಂತು. ವೇಗ ಹೆಚ್ಚಿದಂತೆ ಸ್ಟೀರಿಂಗ್ ಗಟ್ಟಿಯಾಗುತ್ತಿತ್ತು, ಕೈಬಿಟ್ಟರೆ ತಾನಾಗಿ ನಡುವಿಗೆ ಬರುತ್ತಿತ್ತು. ಆದರೆ ಆ ಬಲ ರಸ್ತೆಯಿಂದ ಬರುತ್ತಿರಲಿಲ್ಲ. ಹೈಡ್ರಾಲಿಕ್ ಒತ್ತಡದಿಂದ ಕೃತಕವಾಗಿ ಹುಟ್ಟುತ್ತಿತ್ತು. ರಸ್ತೆಯ ಗುಂಡಿಯ ಏಟು ಕೈಗೆ ತಟ್ಟುತ್ತಿರಲಿಲ್ಲ. ನೇರ ಹೆದ್ದಾರಿಯಲ್ಲಿ ಅದು ಬಹಳ ಸ್ಥಿರ, ಬಹಳ ಆರಾಮ. ಆದರೆ ಮುಂದಿನ ಟೈರು ಎಷ್ಟು ಹಿಡಿದಿದೆ ಎಂದು ಕೈಯನ್ನು ಕೇಳಿದರೆ ಕೈಗೆ ಉತ್ತರ ಗೊತ್ತಿಲ್ಲ.

ಎಂ5ನಲ್ಲಿ ಸುದ್ದಿ ಎಲ್ಲಿ ಕಳೆದುಹೋಗುತ್ತಿತ್ತು?

ಇ39 ಎಂ5ನ 4.9 ಲೀಟರಿನ ವಿ8 ಎಂಜಿನ್ 400 ಅಶ್ವಶಕ್ತಿ ಕೊಡುತ್ತಿತ್ತು. ಅತ್ಯುತ್ತಮ ಸೆಡಾನ್‌ಗಳ ಪಟ್ಟಿಯಲ್ಲಿ ಅದರ ಹೆಸರು ಇಂದಿಗೂ ಬರುತ್ತದೆ. ಆದರೂ ಕಾರನ್ನು ಮೆಚ್ಚಿದವರೇ ಒಂದು ಕೊರತೆ ಹೇಳುತ್ತಿದ್ದರು: ಸ್ಟೀರಿಂಗ್ ಸ್ವಲ್ಪ ಮಂಕು.

ಕಾರಣ ಕಾರಿನ ರಚನೆಯಲ್ಲೇ ಇತ್ತು. ಅದೇ ಪೀಳಿಗೆಯ ಆರು ಸಿಲಿಂಡರಿನ 5 ಸಿರೀಸ್ ಕಾರುಗಳಲ್ಲಿ ಇಂದು ಎಲ್ಲೆಡೆ ಕಾಣುವ ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್ ಇತ್ತು: ಒಂದು ಹಲ್ಲುಚಕ್ರ, ಒಂದು ಹಲ್ಲುಗಳ ಸರಳು, ಎರಡು ಕಡೆ ಟೈ ರಾಡ್. ಅಗಲವಾದ ವಿ8 ಎಂಜಿನ್ ಬಂದಾಗ ಆ ಸರಳಿಗೆ ಜಾಗ ಉಳಿಯಲಿಲ್ಲ. ಹಾಗಾಗಿ ವಿ8 ಮಾದರಿಗಳಿಗೆ ಹಳೆಯ ರೀಸರ್ಕ್ಯುಲೇಟಿಂಗ್ ಬಾಲ್ ವಿಧಾನವನ್ನು ಬಳಸಿದರು. ಇದರಲ್ಲಿ ಒಂದು ತಿರುಪು, ಅದರ ಮೇಲೆ ಉಕ್ಕಿನ ಗುಂಡುಗಳ ಸಾಲಿನ ಮೇಲೆ ಉರುಳುವ ನಟ್ಟು, ಅಲ್ಲಿಂದ ಪಿಟ್‌ಮನ್ ಆರ್ಮ್, ನಡುವಿನ ಕೊಂಡಿ, ಐಡ್ಲರ್ ಆರ್ಮ್, ಕೊನೆಗೆ ಟೈ ರಾಡ್‌ಗಳು.

ಟೈರಿನಿಂದ ಕೈವರೆಗಿನ ದಾರಿಯಲ್ಲಿ ಕೀಲುಗಳು ಹೆಚ್ಚಿದಷ್ಟೂ ಪ್ರತಿ ಕೀಲೂ ಸ್ವಲ್ಪ ಸ್ವಲ್ಪ ಸುದ್ದಿಯನ್ನು ತಿನ್ನುತ್ತದೆ. ಜೊತೆಗೆ ತಿರುಪಿಗೆ ಒಂದು ಸ್ವಭಾವವಿದೆ. ತಿರುಪನ್ನು ತಿರುಗಿಸಿ ನಟ್ಟನ್ನು ಸರಿಸುವುದು ಸುಲಭ, ನಟ್ಟನ್ನು ತಳ್ಳಿ ತಿರುಪನ್ನು ತಿರುಗಿಸುವುದು ಕಷ್ಟ. ಅಂದರೆ ಕೈಯ ಆಜ್ಞೆ ಟೈರಿಗೆ ಸಲೀಸಾಗಿ ಹೋಗುತ್ತದೆ, ಟೈರಿನ ಉತ್ತರ ಕೈಗೆ ಅಷ್ಟು ಸಲೀಸಾಗಿ ಬರುವುದಿಲ್ಲ.

ಈ ಕಾರಿನಲ್ಲೂ ಸ್ಪೋರ್ಟ್ ಗುಂಡಿ ಇತ್ತು. ಅದನ್ನು ಒತ್ತಿದರೆ ಪವರ್ ಸ್ಟೀರಿಂಗಿನ ಸಹಾಯ ಕಡಿಮೆಯಾಗಿ ಚಕ್ರ ಗಟ್ಟಿಯಾಗುತ್ತಿತ್ತು. ಸಹಾಯ ಕಡಿಮೆಯಾದಾಗ ಟೈರಿನ ಬಲದ ಹೆಚ್ಚಿನ ಪಾಲು ಕೈಗೆ ಬರುತ್ತದೆ, ನಿಜ. ಆರಂಭದಲ್ಲಿ ಅರ್ಧ ಸತ್ಯ ಎಂದದ್ದು ಇದಕ್ಕೇ. ಆದರೆ ಕೀಲುಗಳ ಘರ್ಷಣೆಯ ಪಾಲೂ ಅದರೊಂದಿಗೇ ಹೆಚ್ಚುತ್ತದೆ. ಹಾಡು ಜೋರು, ಕರಕರವೂ ಜೋರು.

ಹಾಗಾದರೆ ಸುಧಾರಿಸುವುದು ಹೇಗೆ?

ಉತ್ತರ ಸರಳ: ಶಬ್ದ ಹೆಚ್ಚಿಸುವ ಬದಲು ಗದ್ದಲ ಕಡಿಮೆ ಮಾಡಬೇಕು. ಅದಕ್ಕೆ ಒಂದು ಕ್ರಮವಿದೆ. ಟೈರಿನಿಂದ ಆರಂಭಿಸಿ ಕೈಯ ಕಡೆಗೆ ಬರಬೇಕು. ಅಗ್ಗದ ಕೆಲಸಗಳು ಮೊದಲಿಗೇ ಬರುತ್ತವೆ ಎಂಬುದು ಸಂತೋಷದ ವಿಷಯ.

ಮೊದಲನೆಯದು ಗಾಳಿ. ಟೈರು ತಣ್ಣಗಿರುವಾಗ, ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಹೇಳಿದಷ್ಟೇ ಗಾಳಿ ಇರಬೇಕು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ, ಸ್ಟೀರಿಂಗ್ ಗಟ್ಟಿಯೂ ಆಗುತ್ತದೆ, ಮಂದವೂ ಆಗುತ್ತದೆ. ಗಮನಿಸಿ, ಇಲ್ಲಿ ಗಟ್ಟಿತನವೇ ಕಾಯಿಲೆಯ ಲಕ್ಷಣ!

ಎರಡನೆಯದು ಟೈರು ಮತ್ತು ರಿಮ್. ಎಂ5 ಕಾರ್ಖಾನೆಯಿಂದ ಬರುವಾಗ ಮುಂದೆ 245/40, ಹಿಂದೆ 275/35 ಅಳತೆಯ 18 ಇಂಚಿನ ಟೈರುಗಳಿದ್ದವು. ಇನ್ನೂ ದೊಡ್ಡ ರಿಮ್, ಇನ್ನೂ ಅಗಲ ಟೈರು ಹಾಕಿದರೆ ನೋಟ ಬದಲಾಗುತ್ತದೆ. ಆದರೆ ಅಗಲ ಟೈರು ರಸ್ತೆಯ ಗಾಲಿ ಜಾಡುಗಳನ್ನು ಹಿಡಿದುಕೊಂಡು ಸ್ಟೀರಿಂಗನ್ನು ಅತ್ತಿತ್ತ ಎಳೆಯಬಹುದು. ಅದನ್ನು ಫೀಲ್ ಎಂದು ತಿಳಿಯುವವರಿದ್ದಾರೆ. ಹಿಡಿತದ ಬಗ್ಗೆ ಏನನ್ನೂ ಹೇಳದ ಆ ಎಳೆತ ಗದ್ದಲವೇ. ಸವೆದ, ಹಳೆಯದಾಗಿ ಗಡುಸಾದ ಟೈರು ತೆಗೆದು ಒಳ್ಳೆಯ ಹೊಸ ಟೈರು ಹಾಕುವುದರಿಂದ ಆಗುವಷ್ಟು ಬದಲಾವಣೆ ಬೇರೆ ಯಾವ ಒಂದೇ ಕೆಲಸದಿಂದ ಆಗುವುದು ಕಡಿಮೆ.

ಮೂರನೆಯದು ಬುಶ್‌ಗಳು. ಇ39ರ ಮುಂದಿನ ಸಸ್ಪೆನ್ಷನ್ನಿನಲ್ಲಿ, ಬ್ರೇಕ್ ಹಾಕಿದಾಗ ಚಕ್ರವನ್ನು ಹಿಂದುಮುಂದಾಗದಂತೆ ಹಿಡಿಯುವ ತೋಳಿನ ತುದಿಯಲ್ಲಿ ದ್ರವ ತುಂಬಿದ ರಬ್ಬರ್ ಬುಶ್ ಇದೆ. ಅದು ಒಡೆದು ದ್ರವ ಸೋರಿದರೆ ಹೆದ್ದಾರಿ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ಅದನ್ನು ಬದಲಿಸಿದರೆ ನಡುಕ ನಿಲ್ಲುವುದಷ್ಟೇ ಅಲ್ಲ, ಕಾರು ಹೊಸದರಂತೆ ನೇರವಾಗಿ ಸಾಗುತ್ತದೆ. ರಬ್ಬರ್ ಬದಲು ಗಡುಸಾದ ಪಾಲಿಯುರೆಥೇನ್ ಬುಶ್ ಹಾಕುವವರೂ ಇದ್ದಾರೆ. ಅದರಿಂದ ನಿಖರತೆ ಹೆಚ್ಚಬಹುದು, ಜೊತೆಗೆ ಸದ್ದು ಮತ್ತು ಕಂಪನವೂ ಒಳಬರುತ್ತವೆ. ಐಷಾರಾಮಿ ಕಾರಿನಲ್ಲಿ ಇದು ಯೋಚಿಸಬೇಕಾದ ವ್ಯಾಪಾರ.

ನಾಲ್ಕನೆಯದು ಕೀಲುಗಳು. ಎಂ5ನಲ್ಲಿ ಐಡ್ಲರ್ ಆರ್ಮಿನ ಬುಶ್, ನಡುವಿನ ಕೊಂಡಿ, ಟೈ ರಾಡ್ ತುದಿಗಳು, ಸ್ಟೀರಿಂಗ್ ಕಂಬದಲ್ಲಿರುವ ರಬ್ಬರ್ ಜೋಡಣೆ, ಇವೆಲ್ಲವನ್ನೂ ಪರೀಕ್ಷಿಸಬೇಕು. ಒಬ್ಬರು ಸ್ಟೀರಿಂಗನ್ನು ಸ್ವಲ್ಪವೇ ಅತ್ತಿತ್ತ ಆಡಿಸುವಾಗ ಇನ್ನೊಬ್ಬರು ಕೆಳಗಿನಿಂದ ನೋಡಿದರೆ ಎಲ್ಲಿ ಚಲನೆ ಕಳೆದುಹೋಗುತ್ತಿದೆ ಎಂದು ಕಾಣುತ್ತದೆ.

ಐದನೆಯದು ಅಲೈನ್‌ಮೆಂಟ್. ಇದನ್ನು ಕೀಲು, ಬುಶ್‌ಗಳ ನಂತರವೇ ಮಾಡಬೇಕು. ಸಡಿಲವಾದ ಕೀಲನ್ನು ಇಟ್ಟುಕೊಂಡು ಅಲೈನ್‌ಮೆಂಟ್ ಮಾಡುವುದು ಅಲುಗಾಡುವ ಮೇಜಿನ ಮೇಲೆ ತಕ್ಕಡಿ ಇಟ್ಟಂತೆ. ಮುಂದಿನ ಎರಡು ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ಸ್ವಲ್ಪವೇ ಹೆಚ್ಚು ತಿರುಗಿದರೂ ಸ್ಟೀರಿಂಗಿನ ನಡುಭಾಗದ ಗುಣ ಬದಲಾಗುತ್ತದೆ.

ಕೊನೆಗೆ ಮುಟ್ಟಬೇಕಾದ್ದನ್ನು ಮೊದಲು ಮುಟ್ಟಿದರೆ

ಎಂ5ನ ಸ್ಟೀರಿಂಗ್ ಪೆಟ್ಟಿಗೆಯ ಮೇಲೆ ಒಂದು ಹೊಂದಾಣಿಕೆ ತಿರುಪು ಇದೆ. ಒಳಗಿನ ಹಲ್ಲುಗಳ ನಡುವಿನ ಸಡಿಲವನ್ನು ಅದರಿಂದ ಸರಿಪಡಿಸಬಹುದು. "ಸ್ವಲ್ಪ ಬಿಗಿ ಮಾಡಿ, ಸರಿಹೋಗುತ್ತೆ" ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಬಿಗಿ ಮಾಡಿದರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಸಡಿಲ ಹೋದಂತೆ ಅನಿಸುತ್ತದೆ, ಮಾಲೀಕರಿಗೆ ತೃಪ್ತಿ.

ಅಪಾಯ ಇರುವುದು ಇಲ್ಲೇ. ಅತಿಯಾಗಿ ಬಿಗಿ ಮಾಡಿದರೆ ಹಲ್ಲುಗಳು ನಡುಭಾಗದಲ್ಲಿ ಕಚ್ಚಿಕೊಳ್ಳುತ್ತವೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಪೆಟ್ಟಿಗೆ ಬೇಗ ಸವೆಯುತ್ತದೆ. ಟೈರಿನ ಎಚ್ಚರಿಕೆಯನ್ನು ಕೈಗೆ ತರುತ್ತಿದ್ದ ಆ ಸಣ್ಣ ಬಲ ಈ ಘರ್ಷಣೆಯಲ್ಲೇ ಮುಳುಗಿಹೋಗುತ್ತದೆ. ಫೀಲ್ ಹೆಚ್ಚಿಸಲು ಹೋಗಿ ಇದ್ದ ಫೀಲನ್ನೂ ಕೊಂದಂತೆ. ಈ ಹೊಂದಾಣಿಕೆಯನ್ನು ತಯಾರಕರ ಸೇವಾ ಕೈಪಿಡಿಯ ಅಳತೆಯಂತೆ, ತಿಳಿದವರೇ ಮಾಡಬೇಕು. ಉಳಿದ ಕೀಲುಗಳೆಲ್ಲ ಸರಿಯಿವೆ ಎಂದು ಖಚಿತವಾದ ಮೇಲೆ ಮಾತ್ರ ಅದನ್ನು ಮುಟ್ಟಬೇಕು.

ವಿದ್ಯುತ್ ಸ್ಟೀರಿಂಗ್ ಬಂದ ಮೇಲೆ

ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಮಾರಾಟದ ಕಾರಿನಲ್ಲಿ ಮೊದಲು ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ವಿದ್ಯುತ್ ಮೋಟಾರಿನ ಸಹಾಯ ಬಂದದ್ದು 1988ರಲ್ಲಿ, ಜಪಾನಿನ ಪುಟ್ಟ ಸುಜುಕಿ ಸರ್ವೊದಲ್ಲಿ. ಹೈಡ್ರಾಲಿಕ್ ಪಂಪ್ ಎಂಜಿನ್ ಓಡುವಷ್ಟು ಹೊತ್ತೂ ಶಕ್ತಿ ತಿನ್ನುತ್ತದೆ. ಮೋಟಾರು ಬೇಕಾದಾಗ ಮಾತ್ರ ತಿನ್ನುತ್ತದೆ. ಇಂಧನ ಉಳಿಯುತ್ತದೆ, ಲೇನ್ ಬಿಡದಂತೆ ನೋಡಿಕೊಳ್ಳುವ, ತಾನಾಗಿ ಪಾರ್ಕ್ ಮಾಡುವ ಸೌಲಭ್ಯಗಳೂ ಸಾಧ್ಯವಾಗುತ್ತವೆ. ಹೀಗಾಗಿ ದೊಡ್ಡ ಕಾರುಗಳೂ ಇತ್ತ ತಿರುಗಿದವು.

ಎಂ5 ಮಾತ್ರ ನಿಧಾನ ಮಾಡಿತು. 2011ರ 'ಎಫ್10' ಪೀಳಿಗೆಯಲ್ಲಿ ಸಾಮಾನ್ಯ 5 ಸಿರೀಸ್‌ನ ಹಲವು ಮಾದರಿಗಳು ವಿದ್ಯುತ್ ಸ್ಟೀರಿಂಗ್ ಹೊಂದಿದ್ದರೂ ಎಂ5 ಹೈಡ್ರಾಲಿಕ್ ಅನ್ನೇ ಉಳಿಸಿಕೊಂಡಿತು. 2017ರಲ್ಲಿ ಪರಿಚಯವಾದ 'ಎಫ್90' ಪೀಳಿಗೆಯಲ್ಲಿ ಅದಕ್ಕೂ ವಿದ್ಯುತ್ ಸ್ಟೀರಿಂಗ್ ಬಂತು.

ವಿದ್ಯುತ್ ಸ್ಟೀರಿಂಗಿನಲ್ಲಿ ಫೀಲ್ ಇರುವುದೇ ಇಲ್ಲ ಎಂಬುದೂ ಒಂದು ತಪ್ಪು ಕಲ್ಪನೆ. ಟೈರು ಮತ್ತು ಕೈ ನಡುವೆ ಯಾಂತ್ರಿಕ ಸಂಪರ್ಕ ಇಲ್ಲೂ ಇದೆ. ಆದರೆ ಮೋಟಾರು ಮತ್ತು ಅದರ ಗೇರಿನ ಜಡತ್ವ, ಘರ್ಷಣೆ ದಾರಿಗೆ ಸೇರುತ್ತವೆ. ಎಷ್ಟು ಸಹಾಯ ಮಾಡಬೇಕು, ಯಾವ ಕಂಪನವನ್ನು ತಡೆಯಬೇಕು, ಯಾವುದನ್ನು ಬಿಡಬೇಕು ಎಂದು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಸಾಫ್ಟ್‌ವೇರ್ ಚೆನ್ನಾಗಿದ್ದರೆ ಫೀಲ್ ಚೆನ್ನಾಗಿರುತ್ತದೆ. 2013ರಲ್ಲಿ ಬಂದ ಇನ್ಫಿನಿಟಿ ಕ್ಯೂ50 ಸೆಡಾನ್ ಇನ್ನೂ ಮುಂದೆ ಹೋಯಿತು: ಅದರ ಆಯ್ದ ಮಾದರಿಗಳಲ್ಲಿ ಮಾಮೂಲಿ ಓಡಾಟದ ವೇಳೆ ಸ್ಟೀರಿಂಗ್ ಚಕ್ರಕ್ಕೂ ಟೈರಿಗೂ ಯಾಂತ್ರಿಕ ಸಂಪರ್ಕವೇ ಇರುವುದಿಲ್ಲ, ತೊಂದರೆ ಬಂದರೆ ಮಾತ್ರ ಒಂದು ಕ್ಲಚ್ ಅದನ್ನು ಜೋಡಿಸುತ್ತದೆ. ಅಲ್ಲಿ ಕೈಗೆ ಬರುವ ಫೀಲ್ ಪೂರ್ತಿ ತಯಾರಿಸಿದ್ದು.

ಹೊಸ ಕಾರಿನ ಈ ಸಾಫ್ಟ್‌ವೇರನ್ನು ಹೊರಗಿನವರಿಂದ ತಿದ್ದಿಸುವುದು ಜಾಣತನವಲ್ಲ. ಕಾರನ್ನು ಜಾರದಂತೆ ಕಾಯುವ ಸ್ಥಿರತೆ ವ್ಯವಸ್ಥೆ ಸ್ಟೀರಿಂಗ್ ಸಂವೇದಕದ ಮಾಹಿತಿಯನ್ನು ನೆಚ್ಚಿಕೊಂಡಿರುತ್ತದೆ. ಟೈರು, ಗಾಳಿ, ಬುಶ್, ಅಲೈನ್‌ಮೆಂಟ್ ಸೂತ್ರ ಮಾತ್ರ ಇಲ್ಲೂ ಹಾಗೆಯೇ ಅನ್ವಯಿಸುತ್ತದೆ.

ನಿಜವಾಗಿ ಸುಧಾರಿಸಿತೇ? ತಿಳಿಯುವುದು ಹೇಗೆ?

ದುಡ್ಡು ಸುರಿದ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇದು ನಮ್ಮೆಲ್ಲರ ಮನಸ್ಸಿನ ಗುಣ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅದೇ ರಸ್ತೆ, ಅದೇ ವೇಗ, ಅದೇ ಟೈರು ಒತ್ತಡದಲ್ಲಿ ಓಡಿಸಿ ನೋಡಿ. "ಗಟ್ಟಿಯಾಗಿದೆಯೇ?" ಎಂದು ಕೇಳಿಕೊಳ್ಳಬೇಡಿ. ಬದಲಿಗೆ ಈ ಮೂರು ಪ್ರಶ್ನೆ ಕೇಳಿಕೊಳ್ಳಿ: ನೇರ ರಸ್ತೆಯಲ್ಲಿ ಸಣ್ಣ ಸಣ್ಣ ತಿದ್ದುಪಡಿಗಳು ಕಡಿಮೆಯಾದವೇ? ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಸಲೀಸಾಗಿ ನಡುವಿಗೆ ಬರುತ್ತದೆಯೇ? ನುಣುಪಾದ ರಸ್ತೆಯಿಂದ ಒರಟು ರಸ್ತೆಗೆ, ಒಣ ರಸ್ತೆಯಿಂದ ಒದ್ದೆ ರಸ್ತೆಗೆ ಬಂದಾಗ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆಯೇ? ಟೈರು ಜಾರುವ ಮಿತಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಹುಡುಕಲು ಮಾತ್ರ ಹೋಗಬೇಡಿ. ಒಳ್ಳೆಯ ಫೀಲ್ ಹಿಡಿತದ ಸುದ್ದಿ ಕೊಡುತ್ತದೆಯೇ ಹೊರತು ಹಿಡಿತವನ್ನು ಹೆಚ್ಚಿಸುವುದಿಲ್ಲ.

ನಿಮ್ಮ ಬಳಿ ಎಂ5 ಇಲ್ಲದಿರಬಹುದು, ನಮ್ಮ ಬಳಿಯೂ ಇಲ್ಲ. ಆದರೆ ಟೈರು ಕೈಗೆ ಸುದ್ದಿ ಕಳಿಸುವ ಭೌತಶಾಸ್ತ್ರ ಎಲ್ಲ ಕಾರಿಗೂ ಒಂದೇ. ಎಂದಿನ ಸ್ಟೀರಿಂಗ್ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಹಿಗ್ಗಬೇಡಿ, ಕಾರು ನಿಲ್ಲಿಸಿ ಟೈರಿನ ಗಾಳಿ ನೋಡಿ, ಪವರ್ ಸ್ಟೀರಿಂಗ್ ದೀಪ ಹೊತ್ತಿದೆಯೇ ನೋಡಿ. ಮಳೆಯಲ್ಲಿ ಅದು ಇದ್ದಕ್ಕಿದ್ದಂತೆ ಹಗುರವಾದರೆ ಗಾಬರಿಯಿಂದ ತಿರುಗಿಸಬೇಡಿ, ಜೋರಾಗಿ ಬ್ರೇಕ್ ಒತ್ತಬೇಡಿ. ಚಕ್ರವನ್ನು ನೇರವಾಗಿ ಹಿಡಿದು, ನಿಧಾನಕ್ಕೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಟೈರು ಮತ್ತೆ ರಸ್ತೆ ಹಿಡಿದ ಕೂಡಲೇ ಆ ಸುದ್ದಿಯೂ ಮೊದಲು ಬರುವುದು ನಿಮ್ಮ ಅಂಗೈಗೇ.